ಹಿಂಡಿ ನೀರಿನ ಓನರಮ್ಮ

ನಮ್ಮ ಓನರಮ್ಮನ ಬಲಗೈ ಮೊಣಕೈವರೆಗೂ ನಾರುತ್ತಿತ್ತು. ಕಡ್ಲೆಕಾಯಿ ಹಿಂಡಿ ನೆನೆಹಾಕಿ ಕೊಳೆಸಿದ ನೀರಿನ ನಾತ ಅದು, ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಲ್ಲ. ಉಗುರಿನ ಸಂದಿಯೆಲ್ಲ ಹಳದಿ ಕಟ್ಟಿರುತ್ತಿತ್ತು. ಆ ಕೈಯನ್ನು ಸೀರೆಗೆ ತಾಗದ ಹಾಗೆ, ಆಗತಾನೇ ಮದರಂಗಿ ಹಚ್ಚಿಕೊಂಡ ಮದುಮಗಳ ಥರ ದೂರ ಹಿಡಿದುಕೊಂಡು, ಬೆಳಗಾದರೆ ವಠಾರದ ಅಂಗಳದಲ್ಲಿ ಗಿಡದಿಂದ ಗಿಡಕ್ಕೆ ಓಡಾಡುತ್ತಿದ್ದರು. ನಾನು ಬಂದ ಮೊದಲ ದಿನ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತದ್ದನ್ನು ನೋಡಿ, "ಏನಮ್ಮಾ, ನಾತ ಹೊಡೀತಾ? ಹೂ ಬಿಟ್ಟಾಗ ನೀನೇ ಮೊದ್ಲು ಬತ್ತೀಯ, ನೋಡ್ತಿರು" ಅಂದಿದ್ದರು. ನನಗೆ ಸಿಟ್ಟು ಬಂದಿತ್ತು. ಬಾಡಿಗೆಗೆ ಬಂದವರನ್ನು ಮಾತನಾಡಿಸುವ ರೀತಿಯಾ ಇದು ಅನಿಸಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಗಂಡ ಹೆಂಡತಿ ರಾಯಚೂರು ಕಡೆಯಿಂದ ಒಂದು ಟ್ರಂಕು, ಒಂದು ರೊಟ್ಟಿ ಹಂಚು ಕಟ್ಟಿಕೊಂಡು ಕಗ್ಗದಾಸಪುರಕ್ಕೆ ಬಂದಿದ್ದೆವು. ಯಜಮಾನರಿಗೆ ಇಂದಿರಾನಗರದ ಒಂದು ಆಫೀಸಿನಲ್ಲಿ ಸೆಕ್ಯುರಿಟಿ ಕೆಲಸ. ಕಗ್ಗದಾಸಪುರ ಆಗ ಅರ್ಧ ಹಳ್ಳಿ, ಅರ್ಧ ಸೈಟು. ಓನರಮ್ಮ ಹುಟ್ಟಾ ಅಲ್ಲಿಯವರೇ. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹೊಲವೆಲ್ಲ ಸೈಟಾಗಿ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲಾಗಿ ಶೀಟಿನ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ತಲೆ ಮೇಲೆ ವಿಮಾನ ಇಳಿಯುವಾಗ ಶೀಟು ಗಡಗಡ ಅನ್ನುತ್ತಿತ್ತು. ಮನೆಗಳ ಮುಂದೆ ಉದ್ದಕ್ಕೂ ಒಂದು ಪಟ್ಟಿ ಮಣ್ಣು. ಅದರಲ್ಲಿ ಗುಲಾಬಿ, ದಾಸವಾಳ, ಕನಕಾಂಬರ, ನಂದಿಬಟ್ಟಲು, ಮತ್ತು ನೀರಿನ ಸಂಪಿನ ಪಕ್ಕ ಒಂದು ದುಂಡುಮಲ್ಲಿಗೆ. ಈಗ ಆ ಶೀಟಿನ ಮನೆಗಳಿಲ್ಲ. ಅಲ್ಲೊಂದು ಅಪಾರ್ಟ್‌ಮೆಂಟ್ ಎದ್ದಿದೆ.

ಆ ವಠಾರದಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮನೆಯ ಅಡುಗೆಯ ಕಸ ಯಾವ ಗಿಡಕ್ಕೆ ಅನ್ನುವುದನ್ನು ಓನರಮ್ಮ ಗೊತ್ತುಮಾಡಿಬಿಟ್ಟಿದ್ದರು. ಮುಂದಿನ ಮನೆ ಟೈಲರ್ ಭಾಬಿಯ ಮೊಟ್ಟೆ ಸಿಪ್ಪೆ ಗುಲಾಬಿಗೆ. ಫ್ಯಾಕ್ಟರಿಗೆ ಹೋಗುವ ಬ್ರಹ್ಮಚಾರಿ ಹುಡುಗರ ರೂಮಿನಿಂದ ಬರುವ ಟೀ ಚರಟ ದಾಸವಾಳಕ್ಕೆ. ಅದನ್ನೂ ತೊಳೆದು, ಸಕ್ಕರೆ ಹೋದ ಮೇಲೆ ಹಾಕಬೇಕು, ಇಲ್ಲದಿದ್ದರೆ ಇರುವೆ. ನಮ್ಮ ಪಾಲಿಗೆ ಬಂದದ್ದು ಮಲ್ಲಿಗೆ. ಅಕ್ಕಿ ತೊಳೆದ ನೀರನ್ನು ದಿನಾ ಅದಕ್ಕೆ ತಂದು ಹಾಕು ಅಂದರು.

"ಅಮ್ಮಾರ, ನಾವು ಜ್ವಾಳದ ರೊಟ್ಟಿ ತಿನ್ನೋ ಮಂದಿ. ದಿನಾ ಅಕ್ಕಿ ನೀರು ಎಲ್ಲಿಂದ ತರೂಣ್ರಿ?" ಅಂದೆ ನಾನು. ನನ್ನ ಬಾಯಿ ಆಗಲೂ ಹೀಗೇ, ಸುಮ್ಮನಿರುವುದಲ್ಲ.

"ರಾತ್ರಿ ಒಂದ್ ಹಿಡಿ ಅನ್ನ ಉಣ್ಣಲ್ವಾ? ಆ ಅಕ್ಕಿ ತೊಳೆದ ನೀರೇ ಸಾಕು. ಅದರ ಹೊಟ್ಟೆ ಎಷ್ಟಿರ್ತದೆ ಮಹಾ!"

ಗಿಡಕ್ಕೆ ಹೊಟ್ಟೆ ಇದೆ ಅಂತಲೇ ಅವರ ಮಾತು. ಹಿಂಡಿ ನೀರು ಹಾಕುವ ಮುಂಚೆ ಬುಡದ ಮಣ್ಣಿನಲ್ಲಿ ಬೆರಳು ಊರಿ, ಕಣ್ಣು ಮುಚ್ಚಿ, ಹಸಿವಾಗಿದೆಯೋ ಇಲ್ಲವೋ ಅಂತ ನೋಡುತ್ತಿದ್ದರು. ಅಷ್ಟಾಗಿಯೂ ಸಮಾಧಾನವಿಲ್ಲ. ಹಾಕಿ ಹತ್ತು ಹೆಜ್ಜೆ ಹೋಗುವುದರೊಳಗೆ ವಾಪಸ್ಸು ಬಂದು, "ಜಾಸ್ತಿ ಆಯ್ತೇನೋ" ಅನ್ನುವುದು. ಸಂಜೆ ಹೊತ್ತಿಗೆ "ಕಮ್ಮಿ ಆಯ್ತೇನೋ" ಅನ್ನುವುದು. ಆ ಜೀವಕ್ಕೆ ನೆಮ್ಮದಿ ಅನ್ನುವುದನ್ನು ದೇವರು ಬರೆದೇ ಇರಲಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಗಟ್ಟಿ. "ಸುಮ್ಸುಮ್ನೆ ತುರುಕಬಾರದು ಕಣಮ್ಮ. ಬರೀ ಎಲೆ ಬರ್ತದೆ, ಹೂ ಬರಲ್ಲ. ಹೊಟ್ಟೆ ತುಂಬಿರೋ ಗಿಡ ಹೂ ಬಿಡೋ ಯೋಚ್ನೆ ಯಾಕೆ ಮಾಡ್ತದೆ?" ಸಂಕ್ರಾಂತಿ ಕಳೆದ ಮೇಲೆ ಮಲ್ಲಿಗೆಯ ರೆಂಬೆ ಕತ್ತರಿಸಿ, ಎಲೆ ತರಿದು, ನೀರು ನಿಲ್ಲಿಸಿಬಿಡುತ್ತಿದ್ದರು. ಅದು ಬಾಡಿ ಕಡ್ಡಿಯಂತೆ ನಿಲ್ಲಬೇಕು. ಆಮೇಲೆ ಒಂದೇ ಒಂದು ಸಲ ಹಿಂಡಿ, ಗೊಬ್ಬರ, ನೀರು. ಯುಗಾದಿ ಹೊತ್ತಿಗೆ ಗಿಡದ ತುಂಬ ಮೊಗ್ಗು. ಅವರ ಹಣೆಯಲ್ಲಿ ಕುಂಕುಮವಿಲ್ಲ, ಮುಡಿಯಲ್ಲಿ ಹೂವಿಲ್ಲ. ಬಿಟ್ಟ ಹೂವೆಲ್ಲ ಬಾಡಿಗೆ ಮನೆಯ ಹೆಣ್ಣುಮಕ್ಕಳ ತಲೆಗೆ.

ನಾನು ಅವರಿಗೆ ಹತ್ತಿರವಾದದ್ದು ಮಾತ್ರ ಹೂವಿನಿಂದಲ್ಲ. ಊರಲ್ಲಿದ್ದಾಗ ನನಗೊಂದು ಬಸಿರು ಮೂರು ತಿಂಗಳಿಗೇ ಹೋಗಿತ್ತು. ಎರಡನೆಯದು ಇಲ್ಲಿ, ತಿಂಗಳು ತುಂಬಿತ್ತು. ನೋವು ಶುರುವಾದಾಗ ಯಜಮಾನರು ಡ್ಯೂಟಿಯಲ್ಲಿದ್ದರು. ಓನರಮ್ಮ ಕೈ ಸಹ ತೊಳೆಯದೆ ಆಟೋ ಕೂಗಿ ನನ್ನನ್ನು ಕೂರಿಸಿಕೊಂಡು ಹೊರಟರು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುವುದೇ ಇಲ್ಲವೇನೋ ಅನಿಸಿತು. ಅವರು ಆಟೋದಿಂದ ಇಳಿದು ಗೇಟಿನವನನ್ನು ಬಾಯಿಗೆ ಬಂದ ಹಾಗೆ ಬೈದರು, ಅವನೇನು ಮಾಡಿಯಾನು ಪಾಪ. ಇಂದಿರಾನಗರದ ಆಸ್ಪತ್ರೆ ಮುಟ್ಟಿದಾಗ ನನ್ನ ಚೀಲ ಹೊತ್ತು, "ಸಿಸ್ಟರ್, ಸಿಸ್ಟರ್" ಅಂತ ಕೂಗುತ್ತಾ ನನಗಿಂತ ಮುಂದೆ ಅವರೇ ಒಳಗೆ ನುಗ್ಗಿದ್ದರು. ಕೂಸು ಹುಟ್ಟಿತು. ಅಳಲಿಲ್ಲ. ಒಳಗೇ ತೀರಿಹೋಗಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ ಅಂದರು ಡಾಕ್ಟರು.

ಮನೆಗೆ ಬಂದ ಮೇಲೆ ನಾನು ಒಲೆ ಹಚ್ಚಲಿಲ್ಲ. ಯಜಮಾನರು ಹೊರಗೆ ಏನೋ ತಿಂದು ಡ್ಯೂಟಿಗೆ ಹೋಗುತ್ತಿದ್ದರು, ನನಗೂ ತಂದಿಡುತ್ತಿದ್ದರು, ನಾನು ಮುಟ್ಟುತ್ತಿರಲಿಲ್ಲ. ಅಕ್ಕಪಕ್ಕದವರು ಬಂದು ಅತ್ತು, ಸಮಾಧಾನ ಹೇಳಿ ಹೋಗಿದ್ದರು. ಓನರಮ್ಮ ಮಾತ್ರ ಬಂದಿರಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ತಳ್ಳಿಕೊಂಡು ಬಂದವರೇ ಎದುರಿಗೆ ಕೂತರು.

"ಮಲ್ಲಿಗೆಗೆ ನಿಮ್ಮನೆ ನೀರು ಬಂದಿಲ್ಲ," ಅಂದರು.

ನನಗೆ ಮೈಯೆಲ್ಲ ಉರಿಯಿತು. ಇಲ್ಲಿ ನನ್ನ ಹೊಟ್ಟೆ ಬೆಂದು ಹೋಗಿದೆ, ಈಕೆಗೆ ಗಿಡದ ಚಿಂತೆ! ಏನಾದರೂ ಅಂದುಬಿಡಬೇಕು ಅಂತ ತಲೆ ಎತ್ತಿದರೆ, ಅವರು ಸೆರಗಿನಡಿಯಿಂದ ತಟ್ಟೆ ತೆಗೆದು ಮುಂದಿಟ್ಟರು. ಜೋಳದ ರೊಟ್ಟಿ. ಮುದ್ದೆ ತಿರುವುವ ಕೈ ಅದು, ರೊಟ್ಟಿ ಬಡಿದು ಗೊತ್ತಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಸೀದು, ನಡುವೆ ಹರಿದು ನಕಾಶೆ ಆಗಿತ್ತು. ಜೊತೆಗೆ ಸೊಪ್ಪಿನ ಸಾರು. "ನೀರು ಬಂದಿಲ್ಲ ಅಂದ್ರೆ ನೀನು ಉಂಡಿಲ್ಲ ಅಂತ. ನಂಗೆ ಗೊತ್ತಾಗಲ್ವಾ?" ಅಂದರು. ನಾನು ಮೊದಲ ಸಲ ಬಾಯಿಬಿಟ್ಟು ಅತ್ತೆ. ಅತ್ತು ಅತ್ತು ಆ ರೊಟ್ಟಿ ಅಷ್ಟನ್ನೂ ತಿಂದೆ.

ಅದಾಗಿ ಒಂದೂವರೆ ವರ್ಷಕ್ಕೆ ನಾನು ಮತ್ತೆ ಬಸಿರಾದೆ. ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಕೂತರೆ ಹೆದರಿಕೆ, ಎದ್ದರೆ ಹೆದರಿಕೆ. ಡಾಕ್ಟರು ಪ್ರಯಾಣ ಬೇಡ ಅಂದದ್ದರಿಂದ ತವರಿಗೂ ಹೋಗುವಂತಿಲ್ಲ. ಊರಿಂದ ಅತ್ತೆ ಬಂದು ಕುಬಸ ಇಲ್ಲೇ ಮಾಡುವುದು ಅಂತಾಯಿತು. ಯುಗಾದಿ ಕಳೆದ ಮೇಲೆ ಏಳನೆಯ ತಿಂಗಳು. ಅದನ್ನು ಕೇಳಿದ್ದೇ ಓನರಮ್ಮ, "ಸರಿ, ನಮ್ಮ ಕಡೆ ಸೀಮಂತಕ್ಕೆ ಮೊಗ್ಗಿನ ಜಡೆ ಹಾಕ್ತೀವಿ. ನಿಂಗೆ ಈ ಗಿಡದ ಮೊಗ್ಗಲ್ಲೇ ಜಡೆ. ಪೇಟೆ ಹೂವು ಒಂದೂ ಬೇಡ" ಅಂತ ವಠಾರಕ್ಕೆಲ್ಲ ಸಾರಿಬಿಟ್ಟರು.

ಅಷ್ಟೇ, ನನಗೆ ಹೊಸದೊಂದು ಹಿಡಿದುಕೊಂಡಿತು. ಬೆಳಗ್ಗೆ ಎದ್ದರೆ ಮೊದಲು ಮಲ್ಲಿಗೆ ಗಿಡದ ಹತ್ತಿರ ಹೋಗಿ ನಿಲ್ಲುವುದು. ಈ ಗಿಡ ಮೊಗ್ಗು ಬಿಟ್ಟರೆ ನನ್ನ ಕೂಸು ಉಳಿಯುತ್ತದೆ, ಬಿಡದಿದ್ದರೆ ಇಲ್ಲ. ಯಾರು ಹೇಳಿದರು ಅಂತ ಕೇಳಬೇಡಿ, ಯಾರೂ ಹೇಳಿರಲಿಲ್ಲ. ತಲೆಯಲ್ಲಿ ಬಂದು ಕೂತಿತ್ತು, ಏಳಲೊಲ್ಲದು.

ಸಂಕ್ರಾಂತಿಯ ಮೇಲೆ ಓನರಮ್ಮ ಎಂದಿನಂತೆ ರೆಂಬೆ ಕತ್ತರಿಸಿ ನೀರು ನಿಲ್ಲಿಸಿದರು. ಗಿಡ ಒಣಗಬೇಕಾಗಿತ್ತು. ಒಣಗಲಿಲ್ಲ. ಚಿಗುರಿತು. ಚಿಗುರಿದ್ದು ಅಂದರೆ ಹಾಗೆ ಹೀಗೆ ಅಲ್ಲ. ಎಲೆ ಒಂದೊಂದೂ ಅಂಗೈಯಗಲ, ಕರಿಹಸಿರು, ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಬಳ್ಳಿಯಾಗಿ ಸಂಪಿನ ಮೇಲೆಲ್ಲ ಹಬ್ಬಿತು. ದಾರಿಯಲ್ಲಿ ಹೋಗುವವರು ನಿಂತು "ಏನ್ ಗಿಡ ಅಮ್ಮಾ!" ಅನ್ನುವರು. ಆದರೆ ಮೊಗ್ಗು? ಒಂದೂ ಇಲ್ಲ. ಯುಗಾದಿ ಬಂತು, ಬೇವು ಬೆಲ್ಲ ತಿಂದಾಯಿತು, ಮೊಗ್ಗಿಲ್ಲ. ನಾನು ಎಲೆ ಎತ್ತಿ ಎತ್ತಿ ಹುಡುಕುತ್ತಿದ್ದೆ. ಹೊಟ್ಟೆಯಲ್ಲಿ ಕೂಸು ಸ್ವಲ್ಪ ಹೊತ್ತು ಮಿಸುಕದಿದ್ದರೆ ಓಡಿ ಗಿಡದ ಹತ್ತಿರ ಹೋಗುವುದು. ಓನರಮ್ಮ ದೂರದಿಂದ ನನ್ನನ್ನು ನೋಡುತ್ತಿದ್ದರು. ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋಗಿಬಿಡುತ್ತಿದ್ದರು.

ಒಂದು ದಿನ ಅವರು ಅಂಗಳದ ನಡುವೆ ನಿಂತು ಗುಡುಗಿದರು. "ಯಾರು? ಯಾರು ಈ ಗಿಡಕ್ಕೆ ಏನ್ ಹಾಕ್ತಾ ಇದ್ದೀರಿ? ನಿಜ ಹೇಳ್ಬಿಡಿ."

ಎಲ್ಲರೂ ಹೊರಗೆ ಬಂದೆವು. ಮೊದಲು ಟೈಲರ್ ಭಾಬಿ ದುಪಟ್ಟಾ ತುದಿ ತಿರುವುತ್ತಾ, "ನಾನ್ ಬೀ ಸ್ವಲ್ಪ ಹಾಕ್ದೆ ಅಮ್ಮಾ. ಮೀನು ತೊಳೆದ ನೀರು. ಬಚ್ಚಿಗೆ ಚೋಟಿ, ಮೊಗ್ಗಿನ ಜಡೆ ಮಾಡಬೇಕಲ್ಲ, ಹೂವು ಜಾಸ್ತಿ ಬರ್ಲಿ ಅಂತ" ಅಂದರು. ಫ್ಯಾಕ್ಟರಿ ಹುಡುಗರು ಮುಖ ಮುಖ ನೋಡಿಕೊಂಡರು. ಅವರು ದಾಸವಾಳದ ಪಾಲಿನ ಟೀ ಚರಟವನ್ನೆಲ್ಲ ಮಲ್ಲಿಗೆಗೆ ಸುರಿದಿದ್ದರು. ಹಿಂದಿನ ಮನೆಯವರು ಸಗಣಿ ನೀರು. ನಮ್ಮ ಯಜಮಾನರೂ ಬಾಯಿಬಿಟ್ಟರು. ಡ್ಯೂಟಿಗೆ ಹೋಗುವಾಗ ದಿನಾ ಒಂದು ಚೊಂಬು ನೀರು ಹಾಕಿ ಹೋಗುತ್ತಿದ್ದರಂತೆ, ಎಲೆ ತರಿದ ಬೋಳು ಗಿಡ ನೋಡಿ ಕರುಳು ಚುರ್ ಅಂದಿತ್ತಂತೆ. ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ವಠಾರದ ಅಷ್ಟೂ ಮಂದಿ ಆ ಒಂದು ಗಿಡಕ್ಕೆ ತಿನ್ನಿಸಿದ್ದರು. ಎಲ್ಲ ನನಗಾಗಿ.

ಓನರಮ್ಮ ಎಲ್ಲರನ್ನೂ ಬೈದರು. "ನಿಮ್ಮ ಬುದ್ಧಿಗೆ ಬೆಂಕಿ ಹಾಕ! ಹಸಿವೇ ಆಗದಂಗೆ ಮಾಡಿದ್ರಲ್ಲ!" ಬೈದು ಬೈದು ಸಾಕಾಗಿ ಸಂಪಿನ ಕಟ್ಟೆ ಮೇಲೆ ಕೂತರು. ಆಮೇಲೆ ದನಿ ಇಳಿಸಿ, ಯಾರನ್ನೂ ನೋಡದೆ, "ನಾನೂ ಹಾಕ್ದೆ" ಅಂದರು. "ಒಂದೇ ಸಲ ಹಾಕ್ಬೇಕು ಅಂತ ಗೊತ್ತಿತ್ತು. ತಡೆಯೋಕಾಗ್ಲಿಲ್ಲ. ಸಾಲಲ್ವೇನೋ, ಸಾಲಲ್ವೇನೋ ಅನ್ಸೋದು. ವಾರ ವಾರ ಹಿಂಡಿ ನೀರು ಹಾಕ್ಬಿಟ್ಟೆ."

ಯಾರೂ ನಗಲಿಲ್ಲ. ಇನ್ಯಾವ ವರ್ಷವಾದರೂ ಆಗಿದ್ದರೆ ವಠಾರವೆಲ್ಲ ಬಿದ್ದು ಬಿದ್ದು ನಗುತ್ತಿತ್ತು.

ಕುಬಸಕ್ಕೆ ಶಿವಾಜಿನಗರದ ಮಾರ್ಕೆಟ್ಟಿನಿಂದ ಯಜಮಾನರು ಹೂವು ತಂದರು. ಭಾಬಿ ಹಸಿರು ಬಳೆ ತಂದರು. ಊರಿಂದ ಬಂದ ಅತ್ತೆ ಐದು ಮಂದಿ ಮುತ್ತೈದೆಯರನ್ನು ಕೂಡಿಸಿ ಉಡಿ ತುಂಬಿಸಿದರು. ಪಾತ್ರೆ, ಚಾಪೆ, ದೀಪ ಎಲ್ಲ ಕೊಟ್ಟದ್ದು ಓನರಮ್ಮನೇ, ಪಾಯಸ ಕುದಿಸಿದ್ದೂ ಅವರೇ. ಆದರೆ ಆರತಿಯ ಹೊತ್ತಿಗೆ ಅವರು ತಮ್ಮ ಮನೆ ಬಾಗಿಲು ಮುಂದಕ್ಕೆ ಎಳೆದುಕೊಂಡಿದ್ದರು. ನಾನು ಕರೆಯಿರಿ ಅಂದೆ. ಅತ್ತೆ ಕಣ್ಣಲ್ಲೇ ಬೇಡ ಅಂದರು. ಸಂಜೆ ಅತ್ತೆ ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಆ ಗಿಡ ಈ ಸರ್ತಿ ಹೂವಾ ಬಿಡಲಿಲ್ಲಂತಲ್ಲಬೇ. ಏನ್ ಕಾದೈತೋ ಏನೋ."

ನಾನು ಎದ್ದು ಹೋಗಿ ಮಲ್ಲಿಗೆಯ ಮುಂದೆ ಕುಸಿದು ಕೂತೆ. ಹೊಸ ಸೀರೆ, ಕೈತುಂಬ ಬಳೆ, ಮುಡಿತುಂಬ ಪೇಟೆ ಹೂವು, ಬಿಕ್ಕಿ ಬಿಕ್ಕಿ ಅಳು. ಓನರಮ್ಮ ಬಂದು ಪಕ್ಕ ನಿಂತರು.

"ಏನಮ್ಮಾ ಇದು?"

"ಇದು ಬಿಡಲಿಲ್ಲ ಅಮ್ಮಾರ," ಅಂದೆ. "ನಂದೂ ಉಳಿಯಾಂಗಿಲ್ಲ. ನನಗ ಗೊತ್ತಾಗೇತಿ."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಒಳಗೆ ಹೋದರು. ಬರುವಾಗ ಕೈಯಲ್ಲಿ ಕುಡುಗೋಲಿತ್ತು. ಏನು ಮಾಡುತ್ತಾರೆ ಅಂತ ನನಗೆ ಹೊಳೆಯುವುದರೊಳಗೆ ಮಲ್ಲಿಗೆಯ ಬುಡ ಹಿಡಿದು ಕಚಕಚನೆ ಕೊಯ್ದು ಹಾಕಿದರು. ಸಂಪಿನ ಮೇಲೆ ಹಬ್ಬಿದ್ದನ್ನೆಲ್ಲ ಎಳೆದೆಳೆದು ಅಂಗಳಕ್ಕೆ ಬಿಸಾಡಿದರು. ಅವರ ಗಂಡ ಬದುಕಿದ್ದಾಗ ನೆಟ್ಟ ಗಿಡ ಅದು. ಆಮೇಲೆ ಏದುಸಿರು ಬಿಡುತ್ತಾ ನನ್ನ ಕೈ ಹಿಡಿದು ನನ್ನದೇ ಹೊಟ್ಟೆಯ ಮೇಲೆ ಒತ್ತಿಟ್ಟರು.

"ಗಿಡ ಹೋಯ್ತು. ನೋಡು, ಏನಾಯ್ತು? ಒದೀತೈತಾ ಇಲ್ವಾ?"

ಒದೆಯುತ್ತಿತ್ತು.

"ಗಿಡಕ್ಕೆ ಗೊಬ್ಬರ ಜಾಸ್ತಿಯಾಯ್ತು, ಹೂ ಬರ್ಲಿಲ್ಲ. ಅಷ್ಟೇ ಕಥೆ. ಅದಕ್ಕೂ ನಿನ್ನ ಕೂಸಿಗೂ ಏನ್ ಸಂಬಂಧ? ಇನ್ನೊಂದ್ಸಲ ಹಿಂಗೆ ಅಂದ್ರೆ ನಿನ್ ಕೆನ್ನೆಗೆ ಬಾರಿಸ್ತೀನಿ."

ಆ ಗಿಡ ಮತ್ತೆ ಬಂತಾ ಅಂತ ಕೇಳುತ್ತೀರಿ. ಬಂತು. ಮಲ್ಲಿಗೆ ಅಷ್ಟಕ್ಕೆಲ್ಲ ಸಾಯುವುದಿಲ್ಲ, ಬುಡದಿಂದ ಚಿಗುರುತ್ತದೆ. ಆದರೆ ನಾನು ಅದನ್ನು ನೋಡುವುದನ್ನು ಬಿಟ್ಟುಬಿಟ್ಟೆ. ಹೆದರಿಕೆ ಪೂರ್ತಿ ಹೋಯಿತು ಅಂತ ಹೇಳಲಾರೆ. ಊಟ ಸೇರತೊಡಗಿತು, ನಿದ್ದೆ ಬರತೊಡಗಿತು, ಅಷ್ಟು ಸಾಕಾಗಿತ್ತು. ಓನರಮ್ಮ ತೀರಿಕೊಂಡು ಈಗ ಎಷ್ಟೋ ವರ್ಷವಾಯಿತು. ಕೊನೆಯ ದಿನಗಳಲ್ಲಿ ಅವರ ತಲೆ ಬಾಚುವ, ಗಂಜಿ ಕುಡಿಸುವ ಭಾಗ್ಯ ನನಗೆ ಸಿಕ್ಕಿತು. ಅದರಿಂದ ಋಣ ಏನೂ ತೀರಲಿಲ್ಲ. ಯಾಕೆ ತೀರಲಿಲ್ಲ ಅನ್ನುವುದಕ್ಕೆ ಆ ಹೆರಿಗೆಯ ದಿನದ ಮಾತು ಹೇಳಬೇಕು.

ಈ ಸಲ ಯಜಮಾನರು ರಜೆ ಹಾಕಿ ಜೊತೆಗಿದ್ದರು, ಅತ್ತೆ ಇದ್ದರು. ಆಟೋ ಹತ್ತುವಾಗ ಓನರಮ್ಮ ಬರಲಿಲ್ಲ. ಬನ್ನಿ ಅಂದರೆ, "ಮನೆ ಯಾರು ನೋಡ್ಕೋತಾರೆ, ಗಿಡಕ್ಕೆ ನೀರು ಹಾಕ್ಬೇಕು" ಅಂತ ಏನೋ ಗೊಣಗಿ ಒಳಗೆ ಹೋದರು. ಇಷ್ಟು ದಿನ ಜೀವ ಬಿಟ್ಟವರು ಇವತ್ತು ಹೀಗೆ ಮಾಡಿದರಲ್ಲ ಅಂತ ನೋವಿನಲ್ಲೂ ನನಗೆ ಬೇಜಾರಾಯಿತು.

ಮಧ್ಯಾಹ್ನದ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು. ವಾರ್ಡಿಗೆ ತಂದು ಮಲಗಿಸಿದ ಮೇಲೆ ಯಜಮಾನರು ಒಳಗೆ ಬಂದರು. ಮುಖದಲ್ಲಿ ನಗು, ಅಳು ಎರಡೂ ಇತ್ತು.

"ಓನರಮ್ಮ ಹೊರಗ ಗೇಟಿನ ಹತ್ರ ನಿಂತಾರ," ಅಂದರು. "ಮುಂಜಾನಿಂದ ಅಲ್ಲೇ ಬಿಸಿಲಾಗ ನಿಂತಾರಂತ, ವಾಚ್‌ಮನ್ ಹೇಳ್ದ. ನನ್ನ ಕಂಡ ಕೂಡ್ಲೆ ಗಂಡೋ ಹೆಣ್ಣೋ ಅಂತ ಕೇಳಲಿಲ್ಲ. 'ಅತ್ತಿತೇನಪ್ಪಾ, ಕೂಸು ಅತ್ತಿತಾ?' ಅಂತ ಕೇಳಿದ್ರು."

"ಒಳಗ ಕರ್ಕೊಂಡು ಬರ್ರಿ ಮತ್ತ!"

"ಬರವಲ್ರು. 'ಹೋದ ಸಲ ನಾನೇ ಮುಂದೆ ನುಗ್ಗಿದ್ದೆ ಕಣಪ್ಪ, ಗಂಡನ್ನ ಕಳ್ಕೊಂಡ ಕಾಲು ನಂದು. ಈ ಸಲ ಬೇಡ' ಅಂತಾರ."

ನನ್ನ ಹೆದರಿಕೆಯನ್ನು ಕುಡುಗೋಲು ಹಿಡಿದು ಕೊಯ್ದು ಹಾಕಿದ ಹೆಂಗಸು, ಅಷ್ಟು ದಿನವೂ ಇಂಥದ್ದೊಂದು ಹೆದರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಓಡಾಡಿದ್ದರು. ಅದಕ್ಕೇ ಅವತ್ತು ಎಲ್ಲರೂ ಬಂದು ಹೋದ ಮೇಲೂ ನನ್ನ ಬಾಗಿಲಿಗೆ ಬರಲು ಅವರಿಗೆ ದಿನ ಹಿಡಿದಿತ್ತು. ಅದಕ್ಕೇ ಆರತಿಯ ಹೊತ್ತಿಗೆ ಯಾರೂ ಹೇಳದಿದ್ದರೂ ಬಾಗಿಲು ಎಳೆದುಕೊಂಡಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು, ಎದೆ ಒಡೆಯುವಷ್ಟು ಪ್ರೀತಿಯೂ ಬಂತು.

"ಈಗ ಬರದಿದ್ರ, ನಾನೇ ಕೂಸಿನ್ನ ಎತ್ಕೊಂಡು ಗೇಟಿಗೆ ಬರ್ತೀನಿ ಅಂತ ಹೇಳ್ರಿ," ಅಂದೆ.

ಬಂದರು. ಬಾಗಿಲಲ್ಲಿ ನಿಂತರು. ಹೊಸ್ತಿಲು ದಾಟಲು ಮತ್ತೆ ಹಿಂದೆ ಮುಂದೆ ನೋಡಿದರು. ಅತ್ತೆ ಏನೋ ಅನ್ನಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು. ಓನರಮ್ಮನನ್ನು ಮಂಚದ ಮೇಲೆ ಕೂರಿಸಿ, ಎಲ್ಲರಿಗಿಂತ ಮೊದಲು ಅವರ ಮಡಿಲಲ್ಲಿ ಕೂಸನ್ನು ಇಟ್ಟೆ. ಇಟ್ಟದ್ದೇ ತಡ, ಅದು ಮೈ ಕೆಂಪಗೆ ಮಾಡಿಕೊಂಡು ವಾರ್ಡು ಹಾರಿಹೋಗುವ ಹಾಗೆ ಕಿರುಚಿತು. ಓನರಮ್ಮ ಗಾಬರಿಯಾಗಿ ನನ್ನ ಕಡೆ ನೋಡಿದರು.

"ಅಳ್ತಾ ಐತೆ ಕಣಮ್ಮಾ," ಅಂದರು. "ತಗೋ, ತಗೋ. ನಾನು ಮುಟ್ಟಿದ್ದಕ್ಕೆ ಅಳ್ತಾ ಐತೆ."

"ಅಳಲಿ ಬಿಡ್ರಿ ಅಮ್ಮಾರ," ಅಂದೆ ನಾನು. "ನಾವಿಬ್ರೂ ಕಾದಿದ್ದು ಇದಕ್ಕ ಅಲ್ಲೇನ್ರಿ?"